ಬೇಸ್ ಗಿಟಾರಿಗೆ ತೂಕ ಬೇಕೋ, ಮಾತು ಬೇಕೋ?

ಗಣೇಶೋತ್ಸವ ಬಂತೆಂದರೆ ಸಕಲೇಶಪುರ, ಆಲೂರು ಸೀಮೆಯಲ್ಲಿ ರಸಮಂಜರಿ ಕಾರ್ಯಕ್ರಮಗಳ ಸುಗ್ಗಿ. ಶಿರಾಡಿ ಘಾಟಿಯ ಹೆದ್ದಾರಿಗೆ ಅಂಟಿಕೊಂಡಿರುವ ಹೆಗ್ಗದ್ದೆಯಂಥ ಊರಾಗಲಿ, ತಾಲ್ಲೂಕು ಕೇಂದ್ರವಾಗಲಿ, ವೇದಿಕೆಯ ನೋಟ ಹೆಚ್ಚುಕಡಿಮೆ ಒಂದೇ. ಮುಂದೆ ಗಾಯಕ ಗಾಯಕಿಯರು, ಪಕ್ಕದಲ್ಲಿ ಕೀಬೋರ್ಡು, ತಬಲಾ, ರಿದಂ ಪ್ಯಾಡು. ಹಿಂದಿನ ಮೂಲೆಯಲ್ಲಿ ಉದ್ದ ಕತ್ತಿನ, ನಾಲ್ಕೇ ತಂತಿಯ ಗಿಟಾರನ್ನು ಹೆಗಲಿಗೆ ಹಾಕಿಕೊಂಡವನೊಬ್ಬ ನಿಂತಿರುತ್ತಾನೆ. ಆತ ನುಡಿಸುತ್ತಿರುವುದು ಕೇಳುಗರಲ್ಲಿ ಹೆಚ್ಚಿನವರ ಗಮನಕ್ಕೆ ಬರುವುದೇ ಇಲ್ಲ. ಆದರೆ ಆತ ಕೈ ನಿಲ್ಲಿಸಿದ ಕ್ಷಣ ಹಾಡಿನ ಕೆಳಗಿನ ನೆಲವೇ ಜಾರಿದಂತೆ ಎಲ್ಲರಿಗೂ ಅನ್ನಿಸುತ್ತದೆ. ಆತನೇ ಬೇಸ್ ಗಿಟಾರ್ ವಾದಕ.

ಈ ವಾದಕನ ಜಾಗ ಇಂದು ಭದ್ರವಾಗಿ ಉಳಿದಿಲ್ಲ. ಅನೇಕ ತಂಡಗಳಲ್ಲಿ ಆತನ ಕೆಲಸವನ್ನು ಕೀಬೋರ್ಡ್ ವಾದಕನ ಎಡಗೈ ಮಾಡುತ್ತಿದೆ. ಇನ್ನು ಕೆಲವೆಡೆ ಪೆನ್ ಡ್ರೈವಿನಲ್ಲಿ ಬರುವ ಸಿದ್ಧ ಟ್ರ್ಯಾಕು ಇಡೀ ವಾದ್ಯವೃಂದವನ್ನೇ ಮನೆಗೆ ಕಳುಹಿಸಿದೆ. ಹೀಗಿರುವಾಗ ಕೈಯಲ್ಲಿ ಒಂದಿಷ್ಟು ಹಣ ಕೂಡಿಸಿಕೊಂಡ ಎಳೆಯ ಬೇಸ್ ವಾದಕನೊಬ್ಬ ಬೆಂಗಳೂರಿನ ವಾದ್ಯದಂಗಡಿಯಲ್ಲಿ ನಿಂತು ಒಂದು ಪ್ರಶ್ನೆ ಎದುರಿಸುತ್ತಾನೆ. ಕಾಲಿನಿಂದ ಒತ್ತುವ ಎರಡು ಪುಟ್ಟ ಪೆಟ್ಟಿಗೆಗಳು ಅವನ ಮುಂದಿವೆ. ಒಂದು ಆಕ್ಟೇವ್ ಪೆಡಲ್, ಇನ್ನೊಂದು ಎನ್ವಲಪ್ ಫಿಲ್ಟರ್. ಎರಡಕ್ಕೂ ಸಾಲುವಷ್ಟು ಹಣವಿಲ್ಲ. ಯಾವುದನ್ನು ಕೊಳ್ಳಬೇಕು?

ಮೇಲ್ನೋಟಕ್ಕೆ ಇದು ಅಂಗಡಿಯ ಪ್ರಶ್ನೆ. ಆದರೆ ಇದರ ಹಿಂದೆ ಒಂದು ಹಳೆಯ ಚರಿತ್ರೆಯಿದೆ. ವಿದ್ಯುತ್ತು, ಪೆಡಲು ಯಾವುದೂ ಇಲ್ಲದ ಕಾಲದಲ್ಲೇ ಕನ್ನಡ ನಾಡಿನ ಸಂಗೀತಗಾರರು ಇದೇ ಎರಡು ದಾರಿಗಳನ್ನು ತುಳಿದಿದ್ದರು ಎಂಬುದು ಕುತೂಹಲದ ಸಂಗತಿ.

ಎರಡು ಪೆಟ್ಟಿಗೆ, ಎರಡು ಕೆಲಸ

ಮೊದಲು ಈ ಪೆಟ್ಟಿಗೆಗಳು ಮಾಡುವ ಕೆಲಸವನ್ನು ತಿಳಿಯೋಣ. ಭಜನಾ ಮಂಡಳಿಯಲ್ಲಿ ಗಂಡಸರೂ ಹೆಂಗಸರೂ ಒಂದೇ ದೇವರನಾಮವನ್ನು ಒಟ್ಟಿಗೆ ಹಾಡುವುದನ್ನು ನೀವು ಕೇಳಿರುತ್ತೀರಿ. ಸ್ವರ ಒಂದೇ, ಸಾಹಿತ್ಯ ಒಂದೇ. ಆದರೆ ಗಂಡಸರ ದನಿ ಸಾಮಾನ್ಯವಾಗಿ ಒಂದು ಸ್ಥಾಯಿ ಕೆಳಗಿರುತ್ತದೆ. ಎರಡೂ ಬೆರೆತಾಗ ಅಪಸ್ವರವಾಗುವ ಬದಲು ಹಾಡಿಗೆ ದಪ್ಪ ಬರುತ್ತದೆ. ಇದಕ್ಕೆ ಕಾರಣ ಸರಳ. ಒಂದು ಸ್ವರ ಸೆಕೆಂಡಿಗೆ 110 ಬಾರಿ ಕಂಪಿಸಿದರೆ ಅದೇ ಸ್ವರದ ಒಂದು ಸ್ಥಾಯಿ ಕೆಳಗಿನ ರೂಪ 55 ಬಾರಿ ಕಂಪಿಸುತ್ತದೆ, ಅಂದರೆ ಸರಿಯಾಗಿ ಅರ್ಧ. ಆಕ್ಟೇವ್ ಪೆಡಲ್ ಮಾಡುವುದು ಇದನ್ನೇ. ವಾದಕ ನುಡಿಸಿದ ಸ್ವರದ ಜೊತೆಗೆ ಅದರ ಅರ್ಧ ಕಂಪನದ ಇನ್ನೊಂದು ಸ್ವರವನ್ನು ಅದು ಹುಟ್ಟಿಸಿ ಬೆರೆಸುತ್ತದೆ.

ಎನ್ವಲಪ್ ಫಿಲ್ಟರ್ ಸ್ವರವನ್ನು ಬದಲಿಸುವುದಿಲ್ಲ, ಹೊಸ ಸ್ವರವನ್ನು ಸೇರಿಸುವುದೂ ಇಲ್ಲ. ಅದನ್ನು ತಿಳಿಯಲು ಒಂದು ಸಣ್ಣ ಪ್ರಯೋಗ ಸಾಕು. ಒಂದೇ ಶ್ರುತಿಯಲ್ಲಿ ‘ಊ’ ಎಂದು ದನಿ ಹಿಡಿದು, ಶ್ರುತಿ ಕದಲಿಸದೆ ನಿಧಾನವಾಗಿ ಬಾಯಿ ತೆರೆದು ‘ಆ’ ಎನ್ನಿ. ಸ್ವರ ಅದೇ ಇದ್ದರೂ ನಾದದ ಬಣ್ಣ ಬದಲಾಯಿತಲ್ಲವೇ? ಯಾವುದೇ ನಾದದೊಳಗೆ ಮೂಲ ಸ್ವರದ ಜೊತೆ ಅನೇಕ ಉಪಸ್ವರಗಳು ಅಡಗಿರುತ್ತವೆ. ಬಾಯಿಯ ಆಕಾರ ಅವುಗಳಲ್ಲಿ ಕೆಲವನ್ನು ಹೊರಬಿಟ್ಟು ಕೆಲವನ್ನು ತಡೆಯುತ್ತದೆ. ಇದೇ ಫಿಲ್ಟರ್, ಅಂದರೆ ಸೋಸುವ ಕ್ರಿಯೆ. ಇಲ್ಲಿ ಎನ್ವಲಪ್ ಎಂದರೆ ಅಂಚೆಯ ಲಕೋಟೆಯಲ್ಲ. ತಂತಿ ಮೀಟಿದಾಗ ನಾದ ಏರಿ ಇಳಿಯುವ ಹೊರರೇಖೆಗೆ ಆ ಹೆಸರು. ಪೆಡಲಿನ ಒಳಗಿನ ವಿದ್ಯುನ್ಮಂಡಲ ಆ ಏರಿಳಿತವನ್ನು ಅಳೆದು, ಅದಕ್ಕೆ ತಕ್ಕಂತೆ ಸೋಸುವ ಬಾಗಿಲನ್ನು ತೆರೆದು ಮುಚ್ಚುತ್ತದೆ. ಗದ್ದೆಯ ತೂಬನ್ನು ಹೆಚ್ಚು ಎತ್ತಿದಷ್ಟೂ ಹೆಚ್ಚು ನೀರು ಹರಿಯುವಂತೆ, ಬೆರಳು ಗಟ್ಟಿಯಾಗಿ ಮೀಟಿದಷ್ಟೂ ಬಾಗಿಲು ಅಗಲವಾಗುತ್ತದೆ. ತಂತಿ ‘ವಾವ್’ ಎಂದು ಮಾತನಾಡಿದಂತೆ ಕೇಳುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ ಆಕ್ಟೇವ್ ದನಿಗೆ ತೂಕ ಕೊಡುತ್ತದೆ, ಫಿಲ್ಟರ್ ದನಿಗೆ ಮಾತು ಕೊಡುತ್ತದೆ.

ಕೊನೆಯ ಸಾಲಿಗೆ ಕೇಳಬೇಕು

ತೂಕ ಹೆಚ್ಚಿಸುವ ದಾರಿಯನ್ನು ಕನ್ನಡಿಗರಿಗೆ ಪರಿಚಯಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ವೃತ್ತಿರಂಗಭೂಮಿಗೆ ಸಲ್ಲಬೇಕು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯೂ ಸೇರಿದಂತೆ ಅಂದಿನ ನಾಟಕ ಮಂಡಳಿಗಳಿಗೆ ಮೈಕು ಇರಲಿಲ್ಲ. ನಟನೇ ಹಾಡಬೇಕು, ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಕೇಳಬೇಕು. ಆ ಸಮಯಕ್ಕೆ ಒದಗಿ ಬಂದದ್ದು ಹಾರ್ಮೋನಿಯಂ. 19ನೇ ಶತಮಾನದ ನಡುವೆ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈ ವಾದ್ಯ ಭಾರತಕ್ಕೆ ಬಂದು, ಕಲ್ಕತ್ತೆಯಲ್ಲಿ ನೆಲದ ಮೇಲೆ ಕುಳಿತು ನುಡಿಸುವ ರೂಪ ಪಡೆಯಿತು. ನಾಟಕದ ಕಂಪನಿಗಳು ಮಾತ್ರ ಕಾಲಿನಿಂದ ತಿದಿ ಒತ್ತುವ ಲೆಗ್ ಹಾರ್ಮೋನಿಯಮ್ಮನ್ನು ಬಹುಕಾಲ ಬಿಡಲಿಲ್ಲ. ಎರಡು ಕೈಯೂ ಸ್ವರಕ್ಕೆ, ಎರಡು ಕಾಲೂ ಗಾಳಿಗೆ. ಕಾಲಿನಿಂದ ನಾದವನ್ನು ಆಳುವ ವಿದ್ಯೆ ಗಿಟಾರ್ ಪೆಡಲಿನೊಂದಿಗೆ ಈ ನಾಡಿಗೆ ಬಂದದ್ದಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಕೆಲವು ಹಾರ್ಮೋನಿಯಮ್ಮುಗಳಲ್ಲಿ ಕಪ್ಲರ್ ಎಂಬ ಏರ್ಪಾಡು ಇರುತ್ತದೆ. ಅದನ್ನು ಎಳೆದರೆ ಒಂದು ಮನೆ ಒತ್ತಿದಾಗ ಒಳಗಿನ ಸನ್ನೆಯೊಂದು ಇನ್ನೊಂದು ಸ್ಥಾಯಿಯ ಅದೇ ಸ್ವರದ ಮನೆಯನ್ನೂ ತಾನಾಗಿ ಒತ್ತುತ್ತದೆ. ಬೆರಳು ಒಂದು, ಸ್ವರ ಎರಡು. ಇದರ ಜೊತೆಗೆ ತಗ್ಗು ಸ್ಥಾಯಿಯ ಬೇಸ್ ರೀಡುಗಳ ಸಾಲೂ ಸೇರಿದರೆ ಒಂದು ಪೆಟ್ಟಿಗೆ ಇಡೀ ಪೆಂಡಾಲನ್ನು ತುಂಬಬಲ್ಲದು. ಇಂದಿನ ಆಕ್ಟೇವ್ ಪೆಡಲಿಗೆ ಮರ, ಹಿತ್ತಾಳೆ, ಗಾಳಿಯಲ್ಲಿ ಮಾಡಿದ ಹಿರಿಯಣ್ಣನೆಂದರೆ ಇದೇ ಎನ್ನಬಹುದು.

ಇದೇ ಕೊನೆಯ ಸಾಲಿನ ಚಿಂತೆ ಶಾಸ್ತ್ರೀಯ ಸಂಗೀತದ ವೇದಿಕೆಯನ್ನೂ ಕಾಡಿತ್ತು. ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಮೈಸೂರು ಟಿ. ಚೌಡಯ್ಯನವರು ಪಿಟೀಲಿನ ನಾದ ದೂರದ ಕೇಳುಗರಿಗೆ ಮುಟ್ಟುತ್ತಿಲ್ಲವೆಂದು ಮನಗಂಡು, ನಾಲ್ಕು ತಂತಿಗಳ ವಾದ್ಯಕ್ಕೆ ಇನ್ನೂ ಮೂರು ತಂತಿಗಳನ್ನು ಸೇರಿಸಿದರು. 1927ರ ಸುಮಾರಿಗೆ ರೂಪುಗೊಂಡ ಆ ಏಳು ತಂತಿಯ ಪಿಟೀಲು ಅವರ ಹೆಸರಿನೊಂದಿಗೆ ಬೆಸೆದುಕೊಂಡಿತು. ಬೆಂಗಳೂರಿನ ವೈಯಾಲಿಕಾವಲಿನ ಬಳಿ 1980ರಲ್ಲಿ ತೆರೆದ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಇಂದಿಗೂ ಆ ಸಾಹಸವನ್ನು ನೆನಪಿಸುತ್ತದೆ. ಒಂದು ದನಿ ಸಾಲದಾದಾಗ ಅದರ ಮಗ್ಗುಲಿಗೆ ಇನ್ನೊಂದು ದನಿಯನ್ನು ನಿಲ್ಲಿಸುವುದು, ಇದೇ ತೂಕದ ದಾರಿ.

ಜೀವಾಳದ ದಾರ

ಎರಡನೆಯ ದಾರಿ ಇದಕ್ಕಿಂತ ಹಳೆಯದು. ತಂಬೂರಿಯ ಕುದುರೆಯ ಮೇಲೆ, ಪ್ರತಿ ತಂತಿಯ ಅಡಿಯಲ್ಲಿ ಒಂದು ಎಳೆ ದಾರವನ್ನು ಇಟ್ಟಿರುತ್ತಾರೆ. ಇದಕ್ಕೆ ಜೀವಾಳ ಎಂದು ಹೆಸರು. ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಸರಿಯಾದ ಜಾಗ ಹಿಡಿದರೆ, ಮಂಕಾಗಿದ್ದ ತಂತಿ ಒಮ್ಮೆಗೇ ಝೇಂಕರಿಸತೊಡಗುತ್ತದೆ. ಕಂಪಿಸುವ ತಂತಿ ಬಾಗಿದ ಕುದುರೆಯನ್ನು ಮತ್ತೆ ಮತ್ತೆ ಸವರುವುದರಿಂದ ಮೇಲಿನ ಉಪಸ್ವರಗಳು ಎದ್ದು ಕಾಣುತ್ತವೆ. ನಾದ ಆರುತ್ತಾ ಹೋದಂತೆ ಅವುಗಳ ಬಣ್ಣವೂ ಹೊರಳುತ್ತದೆ. ಒಂದು ಮೀಟು, ಅದರೊಳಗೆ ಜಾರುವ ಹಲವು ಬಣ್ಣಗಳು. ನಾದದ ಏರಿಳಿತಕ್ಕೆ ತಕ್ಕಂತೆ ಉಪಸ್ವರಗಳು ಬದಲಾಗುವುದೇ ಎನ್ವಲಪ್ ಫಿಲ್ಟರಿನ ಮರ್ಮವಾದರೆ, ಒಂದೆಳೆ ದಾರ ಆ ಕೆಲಸವನ್ನು ಶತಮಾನಗಳಿಂದ ಮಾಡುತ್ತಲೇ ಬಂದಿದೆ.

ಇನ್ನೂ ನಿಚ್ಚಳವಾದ ಉದಾಹರಣೆ ಮೋರ್ಚಿಂಗ್. ಹಲ್ಲಿಗೆ ಒತ್ತಿ ಹಿಡಿದ ಕಬ್ಬಿಣದ ಪುಟ್ಟ ವಾದ್ಯದ ನಡುವಿನ ನಾಲಗೆಯನ್ನು ಬೆರಳಿನಿಂದ ಮೀಟಿದರೆ ಹೊರಡುವುದು ಒಂದೇ ಮೂಲ ಸ್ವರ. ಉಳಿದ ನುಡಿಕಾರವೆಲ್ಲ ವಾದಕನ ಬಾಯಿ, ನಾಲಗೆ, ಉಸಿರಿನದು. ಬೆಂಗಳೂರಿನ ಮೋರ್ಚಿಂಗ್ ವಿದ್ವಾನ್ ಎಲ್. ಭೀಮಾಚಾರ್ ಅಂಥವರ ಕೈಯಲ್ಲಿ ಈ ವಾದ್ಯ ಮೃದಂಗದ ಜತಿಗಳನ್ನು ಅಕ್ಷರ ಅಕ್ಷರವಾಗಿ ನುಡಿಯುತ್ತಿತ್ತು. ಅದರ ಸದ್ದು ಚಿಕ್ಕದು. ತೂಕದಲ್ಲಿ ಅದು ಹಾರ್ಮೋನಿಯಮ್ಮಿನ ಹತ್ತಿರವೂ ಸುಳಿಯದು. ಆದರೆ ಮಾತಿನಲ್ಲಿ ಅದನ್ನು ಹಾರ್ಮೋನಿಯಂ ಮುಟ್ಟಲಾರದು.

ಕಡಲಾಚೆಯ ಕಥೆ

ಬೇಸ್ ಗಿಟಾರ್ ಹುಟ್ಟಿದ್ದು ಕೂಡ ಕೊನೆಯ ಸಾಲಿನ ಚಿಂತೆಯಿಂದಲೇ. ಆಳೆತ್ತರದ ಡಬಲ್ ಬೇಸ್ ಪಿಟೀಲನ್ನು ಹೊತ್ತು ತಿರುಗುವುದು ಕಷ್ಟ, ಡ್ರಮ್ಮಿನ ಸದ್ದಿನ ನಡುವೆ ಅದು ಕೇಳುವುದೂ ಕಷ್ಟ. ಅಮೆರಿಕದ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದು ಈ ತೊಡಕನ್ನು ಬಿಡಿಸಿದರು. ಅದರ ಅತ್ಯಂತ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ.

ಫಿಲ್ಟರಿನ ಕಡೆ ಮೊದಲು ಜನಪ್ರಿಯವಾದದ್ದು 1967ರ ಹೊತ್ತಿಗೆ ಮಾರುಕಟ್ಟೆಗೆ ಬಂದ ವಾ-ವಾ ಪೆಡಲ್. ಅದರಲ್ಲಿ ಬಾಗಿಲು ತೆರೆದು ಮುಚ್ಚಲು ಕಾಲನ್ನು ಆಡಿಸುತ್ತಲೇ ಇರಬೇಕಿತ್ತು. ಆ ಕೆಲಸವನ್ನು ಬೆರಳಿಗೆ ಒಪ್ಪಿಸಿದವರು ಮೈಕ್ ಬೀಗಲ್. ಗಿಟಾರ್ ಕಂಪನಿಯೊಂದಕ್ಕಾಗಿ ಅವರು ರೂಪಿಸುತ್ತಿದ್ದ ಸಿಂಥಸೈಸರ್ ಯೋಜನೆ ನಡುವೆಯೇ ನಿಂತುಹೋಯಿತು. ಅದರ ಒಂದು ಭಾಗವನ್ನೇ ಬೇರೆ ಮಾಡಿ 1972ರಲ್ಲಿ ಮ್ಯೂಟ್ರಾನ್-3 ಎಂಬ ಪೆಟ್ಟಿಗೆ ಹೊರಬಂತು. 1973ರಲ್ಲಿ ಸ್ಟೀವಿ ವಂಡರ್ ತಮ್ಮ ‘ಹೈಯರ್ ಗ್ರೌಂಡ್’ ಗೀತೆಯ ಕ್ಲಾವಿನೆಟ್ ವಾದ್ಯಕ್ಕೆ ಅದನ್ನು ಬಳಸಿದರು. ಕರಿಯರ ಫಂಕ್ ಸಂಗೀತದ ಬೂಟ್ಸಿ ಕಾಲಿನ್ಸ್ ಅದನ್ನು ಬೇಸ್ ಗಿಟಾರಿಗೆ ಜೋಡಿಸಿ, ಮೂಲೆಯಲ್ಲಿ ನಿಲ್ಲುತ್ತಿದ್ದ ವಾದ್ಯವನ್ನು ವೇದಿಕೆಯ ಮುಂದಕ್ಕೆ ತಂದರು.

ಆಕ್ಟೇವ್ ಪೆಟ್ಟಿಗೆಗಳೂ ಅದೇ ದಶಕದಲ್ಲಿ ಬೆಳೆದವು. 1982ರಲ್ಲಿ ಜಪಾನಿನ ಬಾಸ್ ಕಂಪನಿ ತಂದ ಓಸಿ-2 ಎಂಬ ಕಂದು ಬಣ್ಣದ ಪೆಡಲ್ ಒಂದು ಸ್ಥಾಯಿ ಮತ್ತು ಎರಡು ಸ್ಥಾಯಿ ಕೆಳಗಿನ ದನಿಗಳನ್ನು ಬೇರೆ ಬೇರೆಯಾಗಿ ಬೆರೆಸುವ ಗುಂಡಿಗಳನ್ನು ಹೊಂದಿತ್ತು. 2003ರಲ್ಲಿ ಅದರ ತಯಾರಿಕೆ ನಿಂತರೂ ಬೇಸ್ ವಾದಕರು ಅದನ್ನು ಇಂದಿಗೂ ಹುಡುಕಿ ಕೊಳ್ಳುತ್ತಾರೆ. 2020ರಲ್ಲಿ ಬಂದ ಓಸಿ-5 ಪೆಡಲಿನಲ್ಲಿ ಆ ಹಳೆಯ ನಾದವನ್ನೇ ಮತ್ತೆ ಅಳವಡಿಸಲಾಗಿದೆ.

ಇದೇ ಎಪ್ಪತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲೂ ಒಬ್ಬ ಎಂಜಿನಿಯರ್ ನಾದದ ಬಣ್ಣವನ್ನು ವಿದ್ಯುನ್ಮಂಡಲಕ್ಕೆ ಇಳಿಸಲು ಯತ್ನಿಸುತ್ತಿದ್ದರು. ಕೊಳಲು ವಾದಕರೂ ಆದ ಜಿ. ರಾಜ್‌ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ, ಅವರ ರಾಡೆಲ್ ಸಂಸ್ಥೆಯ ಮೂಲಕ ಸಂಗೀತದ ಮನೆಮನೆಗೂ ತಲಪಿತು.

ಕನ್ನಡ ಚಿತ್ರಗೀತೆಗಳಲ್ಲಿ ಬೇಸ್ ಗಿಟಾರಿನ ಸ್ಥಾನವನ್ನು ಅರಿಯಬೇಕಾದರೆ ಇಳಯರಾಜ ಸಂಗೀತದ ‘ಗೀತಾ’ (1981) ಚಿತ್ರದ ಹಾಡುಗಳನ್ನು ಗಾಯಕರನ್ನು ಬದಿಗಿಟ್ಟು ಕೇಳಬೇಕು. ಅಲ್ಲಿ ಬೇಸ್ ತಾನೇ ಒಂದು ಪಾತ್ರ. ಮುಂದೆ ಎಲೆಕ್ಟ್ರಾನಿಕ್ ಕೀಬೋರ್ಡುಗಳು ಬಲಗೊಂಡಂತೆ ಆ ತಗ್ಗಿನ ಕೆಲಸ ಬಹುಪಾಲು ಯಂತ್ರದ ಪಾಲಾಯಿತು. ಆದರೂ ಶಿಶುನಾಳ ಷರೀಫರ ತತ್ವಪದಗಳನ್ನು ರಾಕ್ ವೇದಿಕೆಗೆ ತಂದ ರಘು ದೀಕ್ಷಿತ್ ಪ್ರಾಜೆಕ್ಟ್, ಜನಪದದ ಧಾಟಿ ಬೆರೆಸಿದ ಸ್ವರಾತ್ಮದಂಥ ಈ ಶತಮಾನದ ತಂಡಗಳು ಬೇಸ್ ವಾದಕನನ್ನು ಕೈಬಿಡಲಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ಈಗ ಅಂಗಡಿಯಲ್ಲಿ ನಿಂತ ನಮ್ಮ ವಾದಕನ ಬಳಿಗೆ ಹಿಂದಿರುಗೋಣ. ಆತ ಮೊದಲು ಕೇಳಿಕೊಳ್ಳಬೇಕಾದದ್ದು ತಂಡದ ಸ್ಪೀಕರುಗಳ ಬಗ್ಗೆ. ಮನುಷ್ಯನ ಕಿವಿ ಕೇಳಬಲ್ಲ ತಗ್ಗಿನ ಎಲ್ಲೆ ಸೆಕೆಂಡಿಗೆ ಸುಮಾರು 20 ಕಂಪನ. ಬೇಸ್ ಗಿಟಾರಿನ ತಗ್ಗಿನ ತಂತಿಯ ಅರ್ಧವೆಂದರೆ 20.6. ಹಳ್ಳಿಯ ವೇದಿಕೆಗೆ ಬರುವ ಬಾಡಿಗೆ ಸ್ಪೀಕರುಗಳು ಅಷ್ಟು ಕೆಳಗಿನ ಸದ್ದನ್ನು ಹೊರಡಿಸಲಾರವು. ಆಂಪ್ಲಿಫೈಯರಿನ ಶಕ್ತಿ ಮಾತ್ರ ಸೋರಿ, ಕೋನು ಅದುರುತ್ತದೆ. ಆದ್ದರಿಂದ ಆಕ್ಟೇವ್ ಕೊಂಡವನು ಮೇಲಿನ ತಂತಿಗಳ ಮೇಲೆ ನುಡಿಸುವುದನ್ನು ರೂಢಿಸಿಕೊಳ್ಳಬೇಕು. ಉದಾಹರಣೆಗೆ ‘ಡಿ’ ತಂತಿಯ ಏಳನೆಯ ಮನೆಯಲ್ಲಿ ಸಿಗುವ ಸ್ವರ 110 ಕಂಪನದ್ದು. ಪೆಡಲ್ ಅದಕ್ಕೆ 55ನ್ನು ಸೇರಿಸುತ್ತದೆ. ಇದು ಸಾಧಾರಣ ಸ್ಪೀಕರಿನಲ್ಲೂ ಗುಂಡಗೆ ಕೇಳುವ ಸ್ವರ.

ಎರಡನೆಯದು ಕೈಯ ಗುಣ. ಹಳೆಯ ಬಗೆಯ ಆಕ್ಟೇವ್ ಪೆಡಲ್, ತಾಳ ಹಾಕುವವನು ಎರಡು ಅಕ್ಷರಕ್ಕೆ ಒಂದು ಪೆಟ್ಟು ಹಾಕುವಂತೆ, ಎರಡು ಕಂಪನಕ್ಕೆ ಒಂದು ಎಂದು ಎಣಿಸುತ್ತದೆ. ಎರಡು ತಂತಿ ಒಟ್ಟಿಗೆ ಮೊಳಗಿದರೆ ಅದಕ್ಕೆ ಲೆಕ್ಕ ತಪ್ಪಿ ದನಿ ತೊದಲುತ್ತದೆ. ಹೊಸ ಡಿಜಿಟಲ್ ಪೆಡಲುಗಳು ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿವೆ. ಹಾಗಿದ್ದರೂ ಸ್ವರಗಳನ್ನು ಬಿಡಿಬಿಡಿಯಾಗಿ, ಚೊಕ್ಕವಾಗಿ ನುಡಿಸುವವನಿಗೇ ಆಕ್ಟೇವ್ ಒಲಿಯುತ್ತದೆ. ಫಿಲ್ಟರಿಗೆ ಬೇಕಾದದ್ದು ಬೇರೆ. ಮೆಲ್ಲನೆಯ ಮೀಟು, ಗಟ್ಟಿ ಮೀಟು ಎಂಬ ಭೇದ ಬಲ್ಲ ಬೆರಳು ಅದಕ್ಕೆ ಬೇಕು. ಎಲ್ಲವನ್ನೂ ಒಂದೇ ಬಲದಲ್ಲಿ ಬಾರಿಸುವವನ ಕೈಯಲ್ಲಿ ಫಿಲ್ಟರ್ ರಾತ್ರಿಯಿಡೀ ಒಂದೇ ಅಕ್ಷರವನ್ನು ಕೂಗುತ್ತದೆ. ಅಲ್ಲದೆ ಅನೇಕ ಫಿಲ್ಟರುಗಳು ಸೋಸುವ ಭರದಲ್ಲಿ ತಗ್ಗಿನ ನಾದವನ್ನೇ ತೆಗೆದುಬಿಡುತ್ತವೆ. ಆದುದರಿಂದ ಮೂಲ ದನಿಯನ್ನು ಬೆರೆಸುವ ಗುಂಡಿ ಇರುವ ಫಿಲ್ಟರನ್ನೇ ಆರಿಸುವುದು ಜಾಣತನ.

ಮೂರನೆಯದು, ಮುಖ್ಯವಾದದ್ದು, ಹಾಡಿನಲ್ಲಿ ಏನು ಕೊರತೆಯಿದೆ ಎಂಬುದು. ಗಾಯಕ, ಗಿಟಾರು, ತಾಳವಾದ್ಯ ಮಾತ್ರ ಇರುವ ಚಿಕ್ಕ ತಂಡದಲ್ಲಿ ಕೆಳಗಿನ ಸ್ಥಾಯಿ ಖಾಲಿ ಬಿದ್ದಿರುತ್ತದೆ. ಅಲ್ಲಿ ಆಕ್ಟೇವ್ ಪೆಡಲ್ ಇನ್ನೊಬ್ಬ ವಾದಕನಷ್ಟು ಕೆಲಸ ಮಾಡುತ್ತದೆ. ಅದೇ ಕೀಬೋರ್ಡಿನ ಎಡಗೈಯೋ ಟ್ರ್ಯಾಕೋ ಆಗಲೇ ಆ ಜಾಗವನ್ನು ತುಂಬಿರುವ ತಂಡದಲ್ಲಿ ಇನ್ನಷ್ಟು ತೂಕ ಸೇರಿಸಿದರೆ ಸದ್ದು ಕೆಸರಾಗುತ್ತದೆಯೇ ಹೊರತು ಹಾಡು ಬೆಳೆಯುವುದಿಲ್ಲ. ಅಲ್ಲಿ ಕೊರತೆ ಮಾತಿನದು. ಎಷ್ಟು ಬೇಕಾದರೂ ತೂಕವನ್ನು ಟ್ರ್ಯಾಕಿನಲ್ಲಿ ಮುದ್ರಿಸಿ ತರಬಹುದು. ಆದರೆ ಗಾಯಕಿ ಒಂದು ಸಾಲನ್ನು ಎಂದಿಗಿಂತ ಮೆಲ್ಲಗೆ ಹಾಡಿದ ಸಂಜೆ, ತಾನೂ ಮೆಲ್ಲಗಾಗಿ ‘ಊ’ ಎನ್ನುವುದು, ಜನ ಎದ್ದು ಕುಣಿದಾಗ ತಾನೂ ಬಾಯಿ ತೆರೆದು ‘ಆ’ ಎನ್ನುವುದು ಮುದ್ರಿತ ಟ್ರ್ಯಾಕಿಗೆ ಸಾಧ್ಯವಿಲ್ಲ. ಬೆರಳಿಗೆ ಉತ್ತರ ಕೊಡುವ ಫಿಲ್ಟರ್ ಅದನ್ನು ಮಾಡುತ್ತದೆ. ತನ್ನ ಜಾಗ ಉಳಿಸಿಕೊಳ್ಳಬೇಕೆನ್ನುವ ವಾದಕ ಈ ವ್ಯತ್ಯಾಸವನ್ನು ಮರೆಯಬಾರದು.

ಮುಂದೆ ಎಂದಾದರೂ ಎರಡನ್ನೂ ಕೊಳ್ಳುವ ಅನುಕೂಲ ಬಂದರೆ ಸಾಮಾನ್ಯವಾಗಿ ಆಕ್ಟೇವನ್ನು ಮೊದಲು, ಫಿಲ್ಟರನ್ನು ನಂತರ ಜೋಡಿಸುವುದು ವಾಡಿಕೆ. ಎಣಿಸುವ ಪೆಟ್ಟಿಗೆಗೆ ಸೋಸದ ದನಿ ಸಿಕ್ಕರೆ ಲೆಕ್ಕ ತಪ್ಪುವುದಿಲ್ಲ. ದಪ್ಪನಾದ ದನಿ ಸಿಕ್ಕರೆ ಸೋಸುವ ಪೆಟ್ಟಿಗೆಗೆ ಕೆಲಸವೂ ಹೆಚ್ಚು. ಎರಡೂ ಕೂಡಿದಾಗ ನಾಲ್ಕು ತಂತಿಯ ಗಿಟಾರಿನಿಂದ ಸಿಂಥಸೈಸರಿನ ನಾದ ಹೊರಡುತ್ತದೆ.

ಹೀಗೆ ಎರಡನ್ನೂ ಕೂಡಿಸುವುದು ಕೂಡ ಹೊಸ ಯೋಚನೆಯಲ್ಲ. ಕಛೇರಿಯಲ್ಲಿ ವಿದ್ವಾಂಸರ ಬೆನ್ನ ಹಿಂದೆ ಮೌನವಾಗಿ ಮೀಟುತ್ತಿರುವ ತಂಬೂರಿಯನ್ನು ನೋಡಿ. ಪ, ಸ, ಸ, ಸ ಎಂಬ ಅದರ ನಾಲ್ಕು ತಂತಿಗಳಲ್ಲಿ ಕೊನೆಯ ಷಡ್ಜ, ನಡುವಿನ ಎರಡು ಷಡ್ಜಗಳಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗಿದೆ. ಆ ಎಲ್ಲ ತಂತಿಗಳ ಅಡಿಯಲ್ಲೂ ಜೀವಾಳದ ದಾರವಿದೆ. ತೂಕವೂ ಅಲ್ಲೇ, ಮಾತೂ ಅಲ್ಲೇ. ಬೇಸ್ ವಾದಕನಂತೆಯೇ ತಂಬೂರಿ ಹಿಡಿದವರೂ ಹಿಂದಿನ ಸಾಲಿನವರು. ಚಪ್ಪಾಳೆ ಅವರಿಗೆ ಬೀಳುವುದು ಅಪರೂಪ. ಆದರೆ ಅವರಿಲ್ಲದೆ ಮುಂದಿನವರ ಹಾಡು ನಿಲ್ಲುವುದಿಲ್ಲ ಎಂಬುದನ್ನು ನಮ್ಮ ಸಂಗೀತ ಬಹಳ ಹಿಂದೆಯೇ ಕಂಡುಕೊಂಡಿದೆ. ರಸಮಂಜರಿಯ ವ್ಯವಸ್ಥಾಪಕರು ಅದನ್ನು ಒಮ್ಮೆ ನೆನೆದರೆ ಮೂಲೆಯಲ್ಲಿ ನಿಂತ ನಾಲ್ಕು ತಂತಿಯವನಿಗೆ ಮುಂದಿನ ಹಬ್ಬಕ್ಕೂ ಕರೆ ಹೋದೀತು.